ರಸ್ತೆ ದಾಟೋ ಲೆಕ್ಕ

'ಪಾದಚಾರಿಗಳಿಗೆ ಮೊದಲ ಆದ್ಯತೆ' ಅನ್ನೋ ಮಾತು ಕಾಗದದ ಮೇಲೆ ಬಂದು ತುಂಬ ದಿನ ಆಯ್ತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆಯ ಜಾಗ ಹಂಚುವಾಗ ವಾಹನಗಳನ್ನಲ್ಲ, ಜನರನ್ನು ಲೆಕ್ಕಕ್ಕೆ ತಗೋಬೇಕು ಅಂತ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆ ಇಲ್ಲದ ಫುಟ್‌ಪಾತ್ ಪಾದಚಾರಿಯ ಹಕ್ಕು, ಅದು ಸಂವಿಧಾನದ 21ನೇ ವಿಧಿಯಲ್ಲೇ ಸೇರಿದೆ ಅಂತ ಹೇಳಿತು. ಆದ್ರೂ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತ 1,68,491 ಜನರಲ್ಲಿ 32,825 ಜನ ನಡೆದುಕೊಂಡು ಹೋಗ್ತಿದ್ದವರು. ಅಂದ್ರೆ ಐದರಲ್ಲಿ ಒಬ್ಬರು.

ಇದಕ್ಕೆ ನಾವು ಸಾಮಾನ್ಯವಾಗಿ ಕೊಡೋ ಕಾರಣ, 'ನಮ್ಮ ಜನಕ್ಕೆ ಶಿಸ್ತಿಲ್ಲ'. ಡ್ರೈವರ್ ನಿಲ್ಲಿಸಲ್ಲ, ನಡೆಯೋರು ಎಲ್ಲೆಂದ್ರಲ್ಲಿ ನುಗ್ತಾರೆ. ಅದರಲ್ಲಿ ಸ್ವಲ್ಪ ನಿಜ ಇದೆ. ಆದ್ರೆ ಎಂಜಿನಿಯರಿಂಗ್ ಓದೋ ನಾವು ಅಲ್ಲಿಗೇ ನಿಲ್ಲಬಾರದು. ರಸ್ತೆ ಅಂದ್ರೆ ಯಾರೋ ಅಳತೆ ಹಾಕಿ ಮಾಡಿದ ಡಿಸೈನ್. ಆ ಅಳತೆಗಳು ಯಾರ ಪರವಾಗಿವೆ ಅಂತ ಕಾಗದ, ಪೆನ್ನು ಹಿಡಿದು ನೋಡಬಹುದು. ಈ ಲೇಖನದಲ್ಲಿ ಅದನ್ನೇ ಮಾಡೋಣ.

ನಮ್ಮ ಸುತ್ತಮುತ್ತಲ ರಸ್ತೆ

ಕಾವಲ್ ಅಂದ್ರೆ ಹಿಂದೆ ಕಾದಿರಿಸಿದ ಹುಲ್ಲುಗಾವಲು ಜಾಗ. ಶ್ರೀಗಂಧದ ಕಾವಲ್ ಹೆಸರಲ್ಲಿ ಅದು ಉಳಿದುಕೊಂಡಿದೆ, ನೆಲದ ಮೇಲೆ ಈಗ ಬಡಾವಣೆಗಳು. ಒಂದು ಕಡೆ ಮಾಗಡಿ ರಸ್ತೆ, ಇನ್ನೊಂದು ಕಡೆ ಹೊರ ವರ್ತುಲ ರಸ್ತೆ, ಎರಡೂ ಸೇರೋದು ಸುಮನಹಳ್ಳಿಯಲ್ಲಿ. ಸುಂಕದಕಟ್ಟೆ ಹತ್ತಿರ ಬೆಳಗ್ಗೆ ನಿಂತು ನೋಡಿದ್ರೆ ಬಸ್ಸಿಗೆ ಓಡೋ ಸ್ಟೂಡೆಂಟ್ಸ್, ಗಾರ್ಮೆಂಟ್ಸ್‌ಗೆ ಹೋಗೋ ಹೆಂಗಸರು, ಸ್ಕೂಲ್ ಮಕ್ಕಳು, ತರಕಾರಿ ಗಾಡಿ ತಳ್ಳೋರು ಎಲ್ಲರೂ ಕಾಣ್ತಾರೆ. ಇವರಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಕಡೆ ದೊಡ್ಡ ರಸ್ತೆ ದಾಟಲೇಬೇಕು. ಬಸ್ ಪ್ರಯಾಣ ಹೇಗೂ ಎರಡು ಸಲ, ಹೋಗುವಾಗ ಈ ಕಡೆ, ಬರುವಾಗ ಆ ಕಡೆ. ಹಾಗಾಗಿ ಮೊದಲ ಲೆಕ್ಕ ದಾಟೋದರ ಬಗ್ಗೆಯೇ ಇರಲಿ.

ಮೊದಲ ಲೆಕ್ಕ: ಎಷ್ಟು ಹೊತ್ತು ಖಾಲಿ ರಸ್ತೆ ಬೇಕು?

24 ಮೀಟರ್ ಅಗಲದ, ಅಂದ್ರೆ ಸುಮಾರು 80 ಅಡಿ ರಸ್ತೆ ತಗೊಳ್ಳಿ. ಸಿಗ್ನಲ್ ಇಲ್ಲ, ಮಧ್ಯದಲ್ಲಿ ನಿಲ್ಲೋಕೆ ಜಾಗ ಇಲ್ಲ. ನಡಿಗೆಯ ವೇಗ ಸೆಕೆಂಡಿಗೆ 1.2 ಮೀಟರ್ ಅಂತ ಇಟ್ಟುಕೊಂಡರೆ ದಾಟೋಕೆ 20 ಸೆಕೆಂಡ್ ಬೇಕು. ಮಂಡಿನೋವಿರೋ ಅಜ್ಜಿ 0.8 ಮೀಟರ್ ವೇಗದಲ್ಲಿ ನಡೆದರೆ 30 ಸೆಕೆಂಡ್.

ಈಗ ಎರಡೂ ದಿಕ್ಕಿನಿಂದ ಗಂಟೆಗೆ 600ರಂತೆ ವಾಹನ ಬರ್ತಿವೆ ಅಂದುಕೊಳ್ಳಿ. ಇದು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ, ಸರ್ವೆ ಅಲ್ಲ. ಮುಖ್ಯರಸ್ತೆಗೆ ಇದು ಕಡಿಮೆಯೇ. ಒಟ್ಟು 1,200, ಅಂದ್ರೆ ಸರಾಸರಿ 3 ಸೆಕೆಂಡಿಗೊಂದು. ವಾಹನಗಳು ಯಾದೃಚ್ಛಿಕವಾಗಿ ಬರುತ್ತವೆ ಅಂದ್ರೆ, ಗಣಿತದ ಪೇಪರ್‌ನಲ್ಲಿ ಓದಿದ ಪಾಯ್ಸನ್ ಹಂಚಿಕೆ ಇಲ್ಲಿಗೆ ಬರುತ್ತೆ. ನೀವು ರಸ್ತೆ ಅಂಚಿಗೆ ಬಂದ ಕ್ಷಣದಿಂದ 20 ಸೆಕೆಂಡ್ ಒಂದೂ ವಾಹನ ಬರದೇ ಇರೋ ಸಂಭವನೀಯತೆ ಇ-ಯ ಘಾತ ಮೈನಸ್ 6.67. ಕ್ಯಾಲ್ಕುಲೇಟರ್ ಒತ್ತಿ ನೋಡಿ, 0.0013 ಬರುತ್ತೆ. ಸಾವಿರ ಸಲ ಅಂಚಿಗೆ ಬಂದು ನಿಂತರೆ ಒಂದು ಸಲ ಆರಾಮಾಗಿ ದಾಟಬಹುದು.

ಈಗ ಒಂದೇ ಒಂದು ಬದಲಾವಣೆ ಮಾಡೋಣ. ಮಧ್ಯದಲ್ಲಿ ಜನ ನಿಲ್ಲೋವಷ್ಟು ಅಗಲದ ಮೀಡಿಯನ್ ಕೊಡಿ. ಆಗ ಒಂದು ಸಲಕ್ಕೆ 12 ಮೀಟರ್, 10 ಸೆಕೆಂಡ್, ನೋಡಬೇಕಾದ್ದು ಒಂದೇ ದಿಕ್ಕು. ಸಂಭವನೀಯತೆ 0.19 ಆಗುತ್ತೆ, ಐದರಲ್ಲಿ ಒಂದು. ಇನ್ನೊಂದು ಬದಲಾವಣೆ: ದಾಟೋ ಜಾಗದಲ್ಲಿ ಫುಟ್‌ಪಾತನ್ನು ಮುಂದಕ್ಕೆ ಚಾಚಿ, ಒಂದು ಸಲಕ್ಕೆ ದಾಟೋ ದೂರವನ್ನು 7 ಮೀಟರ್‌ಗೆ ಇಳಿಸಿ. ಈಗ 5.8 ಸೆಕೆಂಡ್ ಸಾಕು, ಸಂಭವನೀಯತೆ 0.38.

ಗಮನಿಸಿ, ಒಂದು ವಾಹನವನ್ನೂ ನಾವು ಕಡಿಮೆ ಮಾಡಲಿಲ್ಲ. ಯಾರಿಗೂ ಶಿಸ್ತಿನ ಪಾಠ ಹೇಳಲಿಲ್ಲ. ಕಾಂಕ್ರೀಟ್ ಹಾಕೋ ಜಾಗ ಬದಲಾಯಿಸಿದೆವು, ಅಷ್ಟೆ. ಮೊದಲಿನ ಡಿಸೈನ್‌ನಲ್ಲಿ ಕಾದು ಕಾದು ಬೇಜಾರಾಗಿ ನುಗ್ಗೋ ಮನುಷ್ಯನನ್ನ 'ಶಿಸ್ತಿಲ್ಲದವನು' ಅಂತ ಕರೀತೀವಿ. ಸಾವಿರದಲ್ಲಿ ಒಂದು ಅವಕಾಶ ಕೊಟ್ಟು ಶಿಸ್ತು ಕೇಳೋದು ನ್ಯಾಯನಾ?

ಎರಡನೇ ಲೆಕ್ಕ: ಬ್ರೇಕ್ ಒತ್ತೋ ಮುಂಚೆ

ಇನ್ನು ವೇಗಕ್ಕೆ ಬರೋಣ. ಡ್ರೈವರ್ ಅಪಾಯ ಕಂಡು ಬ್ರೇಕ್ ಒತ್ತೋಕೆ 1.5 ಸೆಕೆಂಡ್, ಒಣ ರಸ್ತೆಯ ಘರ್ಷಣಾಂಕ 0.7 ಅಂತ ಇಟ್ಟುಕೊಳ್ಳೋಣ.

ಗಂಟೆಗೆ 30 ಕಿ.ಮೀ. ವೇಗದ ಕಾರು: ಪ್ರತಿಕ್ರಿಯೆಯ ಹೊತ್ತಲ್ಲಿ 12.5 ಮೀಟರ್, ಬ್ರೇಕಿಂಗ್‌ಗೆ 5 ಮೀಟರ್, ಒಟ್ಟು 17.5 ಮೀಟರ್.

ಗಂಟೆಗೆ 50 ಕಿ.ಮೀ. ವೇಗದ ಕಾರು: ಪ್ರತಿಕ್ರಿಯೆಗೆ 20.8 ಮೀಟರ್, ಬ್ರೇಕಿಂಗ್‌ಗೆ 14 ಮೀಟರ್, ಒಟ್ಟು ಸುಮಾರು 35 ಮೀಟರ್.

ಚೆಂಡಿನ ಹಿಂದೆ ಒಂದು ಮಗು 18 ಮೀಟರ್ ಮುಂದೆ ರಸ್ತೆಗೆ ಬಂತು ಅಂದುಕೊಳ್ಳಿ. ಮೊದಲ ಕಾರು ಅರ್ಧ ಮೀಟರ್ ಮುಂಚೆ ನಿಲ್ಲುತ್ತೆ. ಎರಡನೇ ಕಾರಿನ ಡ್ರೈವರ್ ಕಾಲು ಇನ್ನೂ ಬ್ರೇಕ್ ಮುಟ್ಟೇ ಇರಲ್ಲ, ಪೂರ್ತಿ 50ರಲ್ಲೇ ಗುದ್ದುತ್ತೆ. '20 ಕಿ.ಮೀ. ತಾನೇ ಜಾಸ್ತಿ' ಅನ್ನೋದರ ಅರ್ಥ ಇದು. ಸರಾಸರಿ ವೇಗ ಶೇ 1ರಷ್ಟು ಹೆಚ್ಚಿದರೆ ಸಾವು ತರೋ ಅಪಘಾತದ ಸಾಧ್ಯತೆ ಶೇ 4ರಷ್ಟು ಹೆಚ್ಚುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಜನ, ವಾಹನ ಬೆರೆಯೋ ಕಡೆ 30 ಕಿ.ಮೀ. ಮಿತಿ ಇರಬೇಕು ಅಂತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದೇ ಕಾರಣಕ್ಕೆ.

ಬೋರ್ಡ್ ಹಾಕಿದ ಮಾತ್ರಕ್ಕೆ ವೇಗ ಇಳಿಯಲ್ಲ, ಅದೂ ಡಿಸೈನ್ ಕೆಲಸವೇ. ಜಂಕ್ಷನ್ ಮೂಲೆಯ ತಿರುವು ತಗೊಳ್ಳಿ. ವೇಗದ ವರ್ಗ = 127 × ತ್ರಿಜ್ಯ × ಪಾರ್ಶ್ವ ಘರ್ಷಣೆ, ಇದು ನಮಗೆ ಗೊತ್ತಿರೋ ಸೂತ್ರ. ಘರ್ಷಣೆ 0.3 ಅಂದ್ರೆ, 12 ಮೀಟರ್ ತ್ರಿಜ್ಯದ ಮೂಲೆಯಲ್ಲಿ ಕಾರು 21 ಕಿ.ಮೀ. ವೇಗದಲ್ಲಿ ತಿರುಗಬಹುದು, 4 ಮೀಟರ್ ಮೂಲೆಯಲ್ಲಿ 12 ಕಿ.ಮೀ. ಮಾತ್ರ. ನಮ್ಮ 'ಫ್ರೀ ಲೆಫ್ಟ್'ಗಳಲ್ಲಿ ದೊಡ್ಡ ತ್ರಿಜ್ಯ ಕೊಟ್ಟಿರೋದರಿಂದ ಕಾರಿಗೆ ಒಂದೆರಡು ಸೆಕೆಂಡ್ ಉಳಿಯುತ್ತೆ. ಅದರ ಬೆಲೆ ಕೊಡೋದು ಮೂಲೆಯಲ್ಲಿ ದಾಟೋಕೆ ನಿಂತವರು.

ಸ್ಕೈವಾಕ್ ಯಾರಿಗೆ?

'ಸ್ಕೈವಾಕ್ ಕಟ್ಟಿ ಮುಗಿಸಿ' ಅನ್ನೋದು ಸುಲಭದ ಉತ್ತರ. ವಾಹನಕ್ಕೆ 5.5 ಮೀಟರ್ ಎತ್ತರ ಬಿಡಬೇಕು, ಡೆಕ್ ದಪ್ಪ ಸೇರಿದ್ರೆ ಹತ್ತಬೇಕಾದ್ದು ಸುಮಾರು 6 ಮೀಟರ್. ಒಂದು ಮೆಟ್ಟಿಲು 15 ಸೆಂ.ಮೀ. ಅಂದ್ರೆ 40 ಹತ್ತಬೇಕು, 40 ಇಳೀಬೇಕು. ಲಿಫ್ಟ್ ಇದ್ದರೂ ಕೆಲಸ ಮಾಡ್ತಿರಬೇಕು. ಎಕ್ಸ್‌ಪ್ರೆಸ್‌ವೇ, ರೈಲು ಹಳಿ ಇದ್ದ ಕಡೆ ಇದು ಅನಿವಾರ್ಯ ಇರಬಹುದು. ಅಂಗಡಿ, ಬಸ್ ಸ್ಟಾಪ್ ಇರೋ ಬೀದಿಯಲ್ಲಿ ಸ್ಕೈವಾಕ್ ಅಂದ್ರೆ ಕಾರು ನಿಲ್ಲದೇ ಇರಲಿ ಅಂತ ಮನುಷ್ಯನನ್ನ ಎರಡು ಮಹಡಿ ಹತ್ತಿಸೋದು. ಅದರ ಬದಲು ಫುಟ್‌ಪಾತ್ ಮಟ್ಟಕ್ಕೇ ಎತ್ತರಿಸಿದ ಕ್ರಾಸಿಂಗ್ ಮಾಡಿದ್ರೆ ಹತ್ತಿ ಇಳಿಯೋ ಕೆಲಸ ವಾಹನದ್ದು, ಅದೂ 15 ಸೆಂ.ಮೀ. ಮಾತ್ರ.

60 ಅಡಿ ಹಂಚೋದು ಹೇಗೆ?

ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನೋ ಮಾರ್ಗಸೂಚಿ 2012ರಲ್ಲಿ ಪರಿಷ್ಕರಣೆ ಆಯ್ತು. ಅದರ ಪ್ರಕಾರ ನಡೆಯೋಕೆ ಕನಿಷ್ಠ 1.8 ಮೀಟರ್ ಅಡ್ಡಿ ಇಲ್ಲದ ಅಗಲ, 2.2 ಮೀಟರ್ ಎತ್ತರ ಬೇಕು. ಕರ್ಬ್ ಕಲ್ಲು 15 ಸೆಂ.ಮೀ. ಮೀರಬಾರದು. 'ಅಡ್ಡಿ ಇಲ್ಲದ' ಅನ್ನೋದು ಇಲ್ಲಿ ಮುಖ್ಯ. 2 ಮೀಟರ್ ಫುಟ್‌ಪಾತ್ ಮಧ್ಯದಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟರೆ ಅಲ್ಲಿ ಫುಟ್‌ಪಾತ್ ಸೊನ್ನೆ.

18 ಮೀಟರ್, ಅಂದ್ರೆ 60 ಅಡಿ ರಸ್ತೆಯನ್ನ ಹೀಗೆ ಹಂಚಬಹುದು. ವಾಹನಕ್ಕೆ 3.5 ಮೀಟರ್‌ನ ಎರಡು ಲೇನ್, ಒಟ್ಟು 7. ಉಳಿದ 11ರಲ್ಲಿ ಒಂದೊಂದು ಬದಿಗೆ 5.5. ಅದರಲ್ಲಿ ಅಂಗಡಿ ಮುಂದಿನ ಅರ್ಧ ಮೀಟರ್, ನಡೆಯೋಕೆ 2.5 ಮೀಟರ್, ಇನ್ನುಳಿದ 2.5 ಮೀಟರ್ ಪಟ್ಟಿಯಲ್ಲಿ ಮರ, ಕಂಬ, ಬಸ್ ಶೆಲ್ಟರ್, ತಳ್ಳುಗಾಡಿ, ಸ್ವಲ್ಪ ಪಾರ್ಕಿಂಗ್. ಬೀದಿ ವ್ಯಾಪಾರಿಗಳನ್ನ ಎಬ್ಬಿಸೋದು ಪಾದಚಾರಿ ಪರ ಕೆಲಸ ಅಲ್ಲ. ಹೂ, ಸೊಪ್ಪು ತಗೊಳ್ಳೋರೂ ಪಾದಚಾರಿಗಳೇ. ಅವರಿಗೆ ಗೆರೆ ಹಾಕಿದ ಜಾಗ ಕೊಡಬೇಕು, ಅಷ್ಟೆ.

ಬಡಾವಣೆ ಒಳಗಿನ 30 ಅಡಿ ರಸ್ತೆಗೆ ಈ ಹಂಚಿಕೆ ಹೊಂದಲ್ಲ. ಅಲ್ಲಿ ಬೇರೆ ದಾರಿ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ 1971ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 3,000ಕ್ಕೂ ಹೆಚ್ಚು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ಜನ ಬೀದಿಗಿಳಿದರು. ಅದೇ ಕಾಲದಲ್ಲಿ ಬೆಳೆದದ್ದು 'ವೋನ್‌ಎರ್ಫ್' ಅನ್ನೋ ಬೀದಿ. ಫುಟ್‌ಪಾತೇ ಇಲ್ಲ, ಇಡೀ ಬೀದಿ ನಡೆಯೋರದ್ದು, ಕಾರು ನಡಿಗೆಯ ವೇಗದಲ್ಲಿ ಅತಿಥಿ ತರ ಬಂದು ಹೋಗಬೇಕು. ಗಿಡದ ತೊಟ್ಟಿ, ಅಂಕುಡೊಂಕು, ಉಬ್ಬುಗಳೇ ವೇಗ ಇಳಿಸುತ್ತವೆ. ಅವರೂ ಹುಟ್ಟುವಾಗಲೇ ಶಿಸ್ತು ಕಲಿತು ಬಂದವರಲ್ಲ, ಬೀದಿ ಬದಲಾಯಿಸಿದರು.

ಒಂದು ಕಷ್ಟದ ಪ್ರಶ್ನೆಯನ್ನೂ ಹೇಳಲೇಬೇಕು: ಫುಟ್‌ಪಾತ್ ಹತ್ತೋ ಬೈಕು. ಬೊಲ್ಲಾರ್ಡ್ ಹಾಕಿ ತಡೀತೀವಿ ಅಂತಾರೆ. ವೀಲ್‌ಚೇರ್ ದಾಟೋಕೆ 90 ಸೆಂ.ಮೀ. ಬಿಡಬೇಕು, ಬೈಕಿನ ಹ್ಯಾಂಡಲ್ ಅದಕ್ಕಿಂತ ಕಿರಿದು. ವೀಲ್‌ಚೇರ್ ಬಿಟ್ಟರೆ ಬೈಕೂ ಬರುತ್ತೆ, ಬೈಕ್ ತಡೆದರೆ ವೀಲ್‌ಚೇರೂ ನಿಲ್ಲುತ್ತೆ. ಹಾಗಾಗಿ ಬೊಲ್ಲಾರ್ಡ್ ಒಂದೇ ಸಾಲದು. ಬೈಕ್ ಯಾಕೆ ಹತ್ತುತ್ತೆ, ಯು-ಟರ್ನ್ ತುಂಬ ದೂರ ಇದೆಯಾ, ಬಸ್ ನಿಂತು ದಾರಿ ಕಟ್ಟುತ್ತಾ ಅಂತ ನೋಡಿ ಅದನ್ನ ಸರಿಮಾಡಬೇಕು. ದಂಡವೂ ಬೀಳಬೇಕು.

ಜಾಮ್ ಆಗಲ್ವಾ?

ಬೆಂಗಳೂರಲ್ಲಿ ಇದನ್ನೆಲ್ಲ ಮಾಡಿ ನೋಡಿರೋ ಕಡೆಗಳಿವೆ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಮುಂತಾದವಕ್ಕೆ ಅಗಲ ಫುಟ್‌ಪಾತ್ ಬಂತು. ಪೈಪು, ಕೇಬಲ್‌ಗಳು ಅದರ ಕೆಳಗೆ ಹೋದವು. ಹಾಗಾಗಿ ರಿಪೇರಿಗೆ ಡಾಂಬರು ಅಗೆಯಬೇಕಿಲ್ಲ. 2018ರಲ್ಲಿ ಹೊಸ ರೂಪದ ಚರ್ಚ್ ಸ್ಟ್ರೀಟ್ ತೆರೆಯಿತು, 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ವಾಹನಗಳನ್ನೇ ನಿಲ್ಲಿಸಿದ್ರು. ಗಾಂಧಿ ಬಜಾರ್‌ನಲ್ಲಿ ಇಂಥದ್ದೇ ಕೆಲಸ ಶುರುವಾದಾಗ ಪಾರ್ಕಿಂಗ್ ಹೋಗುತ್ತೆ ಅಂತ ಅಂಗಡಿಯವರೂ, ಜಾಗ ಹೋಗುತ್ತೆ ಅಂತ ಬೀದಿ ವ್ಯಾಪಾರಿಗಳೂ ಆತಂಕಪಟ್ಟರು.

ಎಲ್ಲ ಕಡೆ ಕೇಳಿಬಂದ ಆಕ್ಷೇಪ, 'ರಸ್ತೆ ಕಿರಿದಾದ್ರೆ ಜಾಮ್ ಆಗುತ್ತೆ'. ಇದಕ್ಕೆ ಎರಡು ಉತ್ತರ. ಒಂದು, ರಸ್ತೆಯ ಸಾಮರ್ಥ್ಯ ನಿರ್ಧಾರ ಆಗೋದು ಅತಿ ಕಿರಿದಾದ ಜಾಗದಲ್ಲಿ ಮತ್ತು ಜಂಕ್ಷನ್‌ನಲ್ಲಿ. ಮಧ್ಯೆ ಮೂರು ಲೇನ್ ಇದ್ದು ಜಂಕ್ಷನ್‌ನಲ್ಲಿ ಎರಡಾದ್ರೆ, ಆ ಮೂರನೇ ಲೇನ್ ಪಾರ್ಕಿಂಗ್‌ಗೆ ಹೋಗುತ್ತೆ ಅಷ್ಟೆ. ಎರಡು, ಎಣಿಸಬೇಕಾದ್ದು ಏನು? ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘಟನೆ ನ್ಯಾಕ್ಟೋ ಪ್ರಕಾರ, ಒಂದು ಲೇನ್ ಖಾಸಗಿ ವಾಹನಗಳಲ್ಲಿ ಗಂಟೆಗೆ 600ರಿಂದ 1,600 ಜನರನ್ನ ಸಾಗಿಸುತ್ತೆ. ಅಷ್ಟೇ ಅಗಲದ ಫುಟ್‌ಪಾತ್ ಸುಮಾರು 8,000ದಿಂದ 9,000 ಜನರನ್ನ ಸಾಗಿಸಬಲ್ಲದು. ಜನರನ್ನ ಎಣಿಸಿದ್ರೆ ಫುಟ್‌ಪಾತ್ ಜಾಗ ದಂಡ ಅಲ್ಲ. ಹಾಗಂತ ಎಲ್ಲ ಸುಲಭ ಅಂತಲ್ಲ. ಪಾರ್ಕಿಂಗ್ ನಿಜವಾಗ್ಲೂ ಕಡಿಮೆ ಆಗುತ್ತೆ, ಸರಕು ಇಳಿಸೋಕೆ ಸಮಯ ಗೊತ್ತುಮಾಡಬೇಕಾಗುತ್ತೆ. ಬಸ್ ಚೆನ್ನಾಗಿಲ್ಲದಿದ್ರೆ ಜನ ಬೈಕ್ ಬಿಡಲ್ಲ.

ಈಗಲೇ ಯಾಕೆ?

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಮೆಟ್ರೊ 3ನೇ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಒಟ್ಟು 44.65 ಕಿ.ಮೀ., 31 ನಿಲ್ದಾಣ. ಒಂದು ಮಾರ್ಗ ಹೊರ ವರ್ತುಲ ರಸ್ತೆಯಲ್ಲಿ, ಇನ್ನೊಂದು ಹೊಸಹಳ್ಳಿಯಿಂದ ಕಡಬಗೆರೆವರೆಗೆ ಮಾಗಡಿ ರಸ್ತೆಯಲ್ಲಿ. ಸುಮನಹಳ್ಳಿ, ಸುಂಕದಕಟ್ಟೆ ಎರಡೂ ಕಡೆ ನಿಲ್ದಾಣದ ಯೋಜನೆ ಇದೆ. ಜೊತೆಗೆ ಡಬಲ್ ಡೆಕರ್ ಫ್ಲೈಓವರ್ ಪ್ರಸ್ತಾಪವೂ ಇದೆ. ಅಂದ್ರೆ ನಮ್ಮ ಸುತ್ತಲ ಎರಡೂ ದೊಡ್ಡ ರಸ್ತೆಗಳ ಅಳತೆಯನ್ನ ಹೊಸದಾಗಿ ಗೊತ್ತುಮಾಡೋ ಕಾಲ ಇದು. ಮೆಟ್ರೊ ಹತ್ತೋ ಪ್ರತಿಯೊಬ್ಬರೂ ಮೊದಲ ಮತ್ತು ಕೊನೆಯ ಕೆಲವು ನೂರು ಮೀಟರ್ ಪಾದಚಾರಿಗಳೇ. ಪಿಲ್ಲರ್ ಎದ್ದ ಮೇಲೆ 'ಫುಟ್‌ಪಾತ್ ಎಲ್ಲಿ' ಅಂತ ಕೇಳಿದ್ರೆ ಜಾಗ ಉಳಿದಿರಲ್ಲ.

ಹಾಗಾಗಿ ಒಂದು ಸಣ್ಣ ಪ್ರಾಜೆಕ್ಟ್. ಕಾಲೇಜು ಗೇಟಿನಿಂದ ನಿಮ್ಮ ಬಸ್ ಸ್ಟಾಪ್‌ವರೆಗೆ ಟೇಪು, ಸ್ಟಾಪ್‌ವಾಚ್ ಹಿಡಿದು ಇಬ್ಬಿಬ್ಬರಾಗಿ ನಡೀರಿ. ಪ್ರತಿ 20 ಮೀಟರ್‌ಗೆ ಅಡ್ಡಿ ಇಲ್ಲದ ಅಗಲ, ಕರ್ಬ್ ಎತ್ತರ ಬರೆದುಕೊಳ್ಳಿ. ದಾಟೋ ಜಾಗದಲ್ಲಿ ಹತ್ತು ಜನ ಎಷ್ಟು ಸೆಕೆಂಡ್ ಕಾದರು, ಎಷ್ಟು ಸೆಕೆಂಡಲ್ಲಿ ದಾಟಿದರು ಅಂತ ಅಂಚಿನಲ್ಲೇ ನಿಂತು ಅಳೀರಿ. ಗಂಟೆಗೆ ಎಷ್ಟು ವಾಹನ ಅಂತ ಎಣಿಸಿ, ಮೇಲಿನ ಲೆಕ್ಕದಲ್ಲಿ 600ರ ಜಾಗಕ್ಕೆ ಆ ಸಂಖ್ಯೆ ಹಾಕಿ. ಬಂದದ್ದನ್ನ ಒಂದು ಪುಟದಲ್ಲಿ, ಕನ್ನಡದಲ್ಲೇ ಬರೆದು ನಗರಪಾಲಿಕೆಗೂ, ಮೆಟ್ರೊ ನಿಗಮಕ್ಕೂ, ನಗರ ಭೂಸಾರಿಗೆ ನಿರ್ದೇಶನಾಲಯಕ್ಕೂ ಕಳಿಸೋಣ. 'ಇಲ್ಲಿ ತುಂಬ ಕಷ್ಟ ಸಾರ್' ಅನ್ನೋ ಅರ್ಜಿಯನ್ನ ಪಕ್ಕಕ್ಕಿಡೋದು ಸುಲಭ. ಇಷ್ಟು ಮೀಟರ್, ಇಷ್ಟು ಸೆಕೆಂಡ್ ಅಂತ ಇರೋ ಅರ್ಜಿಗೆ ಒಬ್ಬ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತೆ.