ಒಕ್ಕಣೆ ಕಾಲದಲ್ಲಿ ಕಣ್ಣಿನ ರಕ್ಷಣೆ

ಕಬಿನಿ ನೀರು ಹರಿಯುವ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಭತ್ತದ ಕೊಯ್ಲಿನ ಹಿಂದೆಯೇ ಒಕ್ಕಣೆ ಆರಂಭವಾಗುತ್ತದೆ. ಕಳಲೆಯಂಥ ಊರುಗಳ ಕಣದಲ್ಲಿ ಭತ್ತ ಬಡಿಯುವಾಗ, ತೂರುವಾಗ ಸುಂಕು ಅಥವಾ ಹೊಟ್ಟಿನ ಚೂರು ಕಣ್ಣಿಗೆ ಬೀಳುವುದುಂಟು. ಇದನ್ನು ಅಲಕ್ಷಿಸಿದರೆ ದೃಷ್ಟಿಯೇ ಹೋಗಬಹುದು. ಕಾರಣ ತಿಳಿಯಲು ಕಣ್ಣಿನ ಗ್ರಂಥಿ, ರಕ್ತನಾಳ ಮತ್ತು ನರಗಳ ಪರಿಚಯ ಅಗತ್ಯ.

ಗ್ರಂಥಿಗಳು

ಕಣ್ಣುಗುಡ್ಡೆಯ ಮೇಲೆ, ಹೊರಮೂಲೆಯ ಕಡೆ ಕಣ್ಣೀರಿನ ಗ್ರಂಥಿ ಇದೆ. ರೆಪ್ಪೆಯಂಚಿನ ಸಣ್ಣ ಗ್ರಂಥಿಗಳು ಸ್ರವಿಸುವ ಜಿಡ್ಡು ಕಣ್ಣೀರು ಬೇಗ ಆರದಂತೆ ತಡೆಯುತ್ತದೆ. ಕಣ್ಣನ್ನು ತೊಳೆದ ನೀರು ಒಳಮೂಲೆಯ ಎರಡು ಸಣ್ಣ ರಂಧ್ರಗಳ ಮೂಲಕ ಮೂಗಿಗೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಇದರಿಂದಲೇ. ಎತ್ತಿಗೆ ಕಣ್ಣನ್ನು ಒರೆಸುವ ಮೂರನೆಯ ರೆಪ್ಪೆಯೂ ಉಂಟು. ಮನುಷ್ಯನಿಗೆ ಅದರ ಕುರುಹು ಮಾತ್ರ ಉಳಿದಿದೆ.

ರಕ್ತ ಪೂರೈಕೆ

ಕತ್ತಿನಲ್ಲಿ ಮೇಲೇರುವ ದೊಡ್ಡ ಧಮನಿಯ ಕವಲೊಂದು ಕಣ್ಣಿಗೆ ರಕ್ತ ಒದಗಿಸುತ್ತದೆ. ಆದರೆ ಕರಿಗುಡ್ಡೆಯ ಮುಂದಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪಟಲಕ್ಕೆ ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಬೆಳಕು ಸರಾಗವಾಗಿ ಒಳಹೋಗುತ್ತಿರಲಿಲ್ಲ. ಇದು ಕಾಲುವೆಯಿಲ್ಲದ ಗದ್ದೆಯಿದ್ದಂತೆ: ಹೊರಗಿನಿಂದ ಕಣ್ಣೀರು ಮತ್ತು ಗಾಳಿ, ಒಳಗಿನಿಂದ ಕಣ್ಣಿನ ದ್ರವ ಇದನ್ನು ಪೋಷಿಸುತ್ತವೆ. ಆದುದರಿಂದ ಇಲ್ಲಿ ಸೋಂಕು ತಗಲಿದರೆ ಅದರೊಡನೆ ಹೋರಾಡುವ ರಕ್ತಕಣಗಳು ಬೇಗ ತಲುಪಲಾರವು. ಹೊಟ್ಟಿನೊಡನೆ ಬಂದ ಶಿಲೀಂಧ್ರ ಗಾಯದಲ್ಲಿ ಬೇರೂರುತ್ತದೆ. ವಾಸಿಯಾದರೂ ಬಿಳಿ ಕಲೆ ಉಳಿದು ದೃಷ್ಟಿ ಮಂದವಾಗಬಹುದು.

ನರಗಳು

ರಕ್ತನಾಳವಿಲ್ಲದ ಈ ಪಟಲದಲ್ಲಿ ನೋವಿನ ನರತಂತುಗಳು ಮಾತ್ರ ಬಹಳ ದಟ್ಟವಾಗಿವೆ. ಸಾಸಿವೆಗಿಂತ ಸಣ್ಣ ಚೂರು ಬಿದ್ದರೂ ಅವು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ತಕ್ಷಣ ರೆಪ್ಪೆ ಮುಚ್ಚಿ ಕಣ್ಣೀರು ಸುರಿಯುತ್ತದೆ. ಈ ನೋವು ಶತ್ರುವಲ್ಲ, ಕಾವಲುಗಾರ. ನೋವು ಇಳಿಯಿತೆಂದು ಗಾಯ ಮಾಯಿತೆನ್ನಲಾಗದು. ಶಿಲೀಂಧ್ರವು ಹಲವು ದಿನ ನಿಧಾನವಾಗಿ ಬೆಳೆದು ನಂತರ ಬಿಳಿ ಚುಕ್ಕೆಯಾಗಿ ಕಾಣಿಸಿಕೊಳ್ಳಬಹುದು.

ಅನುಸರಿಸಬೇಕಾದ ಕ್ರಮಗಳು

1. ಕಣ್ಣನ್ನು ಉಜ್ಜಕೂಡದು. ಶುದ್ಧ ನೀರನ್ನು ಧಾರಾಳವಾಗಿ ಹಾಯಿಸಿ ತೊಳೆಯಬೇಕು.

2. ಅಂಟಿಕೊಂಡ ಚೂರನ್ನು ಸೆರಗಿನ ತುದಿಯಿಂದಾಗಲಿ, ನಾಲಿಗೆಯಿಂದಾಗಲಿ ತೆಗೆಯಕೂಡದು.

3. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಹಾಕಬಾರದು.

4. ಅಂಗಡಿಯಲ್ಲಿ ಕೇಳಿ ತಂದ ಹನಿಮದ್ದು ಬಳಸಬಾರದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದಂತೆ ಕಂಡರೂ ಶಿಲೀಂಧ್ರ ಒಳಗೇ ಹಬ್ಬುತ್ತದೆ.

5. ತೊಳೆದ ಮೇಲೂ ಚುಚ್ಚುತ್ತಿದ್ದರೆ, ಕೆಂಪಾಗಿದ್ದರೆ, ಬೆಳಕು ನೋಡಲಾಗದಿದ್ದರೆ ಅಥವಾ ಮಂಜಾಗಿ ಕಂಡರೆ ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಭತ್ತದ ಹೊಟ್ಟು ಬಿದ್ದಿತೆಂದು ತಪ್ಪದೆ ತಿಳಿಸಬೇಕು. ಔಷಧಿಯ ಆಯ್ಕೆಗೆ ಇದು ಮುಖ್ಯ.

ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವುದು, ಒಕ್ಕಣೆ ಯಂತ್ರಕ್ಕೆ ಹುಲ್ಲುಕಟ್ಟು ಕೊಡುವವರು ಪಕ್ಕವೂ ಮುಚ್ಚುವ ಕನ್ನಡಕ ಧರಿಸುವುದು ಉತ್ತಮ. ಕೂಲಿಗೆ ಬಂದವರಿಗೂ ಕನ್ನಡಕ ಒದಗಿಸುವುದು ಕಣದ ಯಜಮಾನರ ಹೊಣೆ. ರಾಶಿ ಮನೆಗೆ ಬರುವಾಗ ದುಡಿದವರ ಕಣ್ಣೂ ಕ್ಷೇಮವಾಗಿರಬೇಕು.