ಹಳೆಯ ವಾಲ್ವ್ ಧ್ವನಿವರ್ಧಕಕ್ಕೆ ಮಾಸ್ಟರ್ ವಾಲ್ಯೂಮ್

ವಾಲ್ವ್ ಎಂದೊಡನೆ ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಅಡಿಕೆತೋಟದ ಪೈಪು ನೆನಪಾಗುವುದು ಸಹಜ. ೧೯೦೪ರಲ್ಲಿ ಫ್ಲೆಮಿಂಗ್ ಎಂಬ ಆಂಗ್ಲ ವಿಜ್ಞಾನಿಯು ತನ್ನ ಗಾಜಿನ ಬುರುಡೆಗೆ ಆ ಹೆಸರನ್ನಿಟ್ಟುದೂ ಅಂತಹ ಹೋಲಿಕೆಯಿಂದಲೇ. ಅದರೊಳಗೆ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯುವುದು. ೧೯೦೬ರಲ್ಲಿ ಲೀ ಡಿ ಫಾರೆಸ್ಟನು ಗ್ರಿಡ್ ಎಂಬ ಮೂರನೆಯ ಅಂಗವನ್ನು ಸೇರಿಸಿದ ಬಳಿಕ ಸಣ್ಣ ಸದ್ದನ್ನು ಹಿಗ್ಗಿಸುವ ದಾರಿ ತೆರೆಯಿತು. ಟ್ರಾನ್ಸಿಸ್ಟರ್ ಬರುವ ಮೊದಲು ಬಯಲಾಟಕ್ಕೂ ಮದುವೆಗೂ ಬಾಡಿಗೆಗೆ ಹೋಗುತ್ತಿದ್ದ ಮೈಕ್‌ಸೆಟ್ಟಿನ ಜೀವಾಳ ಈ ಬುರುಡೆಯೇ.

ಅಂತಹದೊಂದು ಸೆಟ್ಟು ನನ್ನ ಸೋದರಮಾವನ ಅಟ್ಟದಲ್ಲಿತ್ತು. ಈಗ ನಾನು ಅದಕ್ಕೆ ಗಿಟಾರ್ ಜೋಡಿಸಿ ಬಾರಿಸುತ್ತೇನೆ. ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗ, ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ಗುರುಗಳು ಕೇಳಿಯಾರು. ತಂದೆಯವರು ರಬ್ಬರ್ ಟ್ಯಾಪಿಂಗ್ ಮಾಡುವವರು. ನಸುಕಿಗೆ ಮೊದಲೇ ಏಳಬೇಕು. ಓದು ಮುಗಿದು ನನಗೆ ಬಿಡುವು ದೊರೆಯುವ ಹೊತ್ತೇ ಅವರ ನಿದ್ದೆಯ ಹೊತ್ತು.

ಗಿಟಾರಿನವರು ಬಯಸುವ ಒರಟು ನಾದ ಹುಟ್ಟುವುದು ವಾಲ್ವನ್ನು ಅದರ ಶಕ್ತಿಗೆ ಮೀರಿ ದುಡಿಸಿದಾಗ. ಧ್ವನಿಯ ಅಲೆಯ ತಲೆ ಕತ್ತರಿಸಿ ಹೋಗುತ್ತದೆ; ಆ ಕತ್ತರಿಕೆಯೇ ಕಿವಿಗೆ ಇಂಪಾದ ಗರಗರ. ಆದರೆ ಹಳೆಯ ಸೆಟ್ಟಿನ ವಾಲ್ಯೂಮ್ ಇರುವುದು ಮೊದಲ ವಾಲ್ವಿನ ಬಳಿ. ಏರಿಸಿದರೆ ಗರಗರದೊಡನೆ ಊರೇ ಏಳುತ್ತದೆ, ಇಳಿಸಿದರೆ ನಾದ ಸಪ್ಪೆಯಾಗುತ್ತದೆ. ಮುಂದಿನ ದಾರಿಯಲ್ಲಿ ಇನ್ನೊಂದು ವಾಲ್ಯೂಮನ್ನಿಟ್ಟರೆ ನಾದದ ಗುಣ ಒಂದು ಕೈಗೆ, ಅದರ ಗಾತ್ರ ಇನ್ನೊಂದು ಕೈಗೆ ಸಿಗುತ್ತದೆ. ಮಾರ್ಷಲ್ ಕಂಪೆನಿಯು ೧೯೭೫ರಲ್ಲಿ ತನ್ನ ೨೨೦೩ ಎಂಬ ೧೦೦ ವಾಟಿನ ಮಾದರಿಯಲ್ಲಿ ಮಾಡಿದ್ದು ಇದನ್ನೇ. ಎರಡು ವಾಲ್ಯೂಮುಗಳ ನಡುವೆ ಹಿಗ್ಗಿಸುವ ವಾಲ್ವೊಂದು ಇರಲೇಬೇಕು. ಇಲ್ಲವಾದರೆ ಎರಡೂ ಒಂದೇ ಕೆಲಸ ಮಾಡಿಯಾವು.

ಕೊನೆಯ ಜೋಡಿ ವಾಲ್ವುಗಳಿಗೆ ಧ್ವನಿಯನ್ನು ಎರಡಾಗಿ ಹಂಚಿಕೊಡುವ ಘಟ್ಟಕ್ಕೆ ಫೇಸ್ ಇನ್ವರ್ಟರ್ ಎನ್ನುತ್ತಾರೆ. ಅದಕ್ಕೆ ಹೋಗುವ ತಂತಿಯನ್ನು ಕತ್ತರಿಸಿ ೧ ಮೆಗ್‌ಓಮಿನ ಲಾಗ್ ಪಾಟನ್ನು ಕೂಡಿಸುವುದು ಸುಲಭದ ಕ್ರಮ. ಬರುವ ತಂತಿ ಒಂದು ತುದಿಗೆ, ಅರ್ತಿಂಗ್ ಇನ್ನೊಂದು ತುದಿಗೆ, ನಡುಕಾಲಿನಿಂದ ಮುಂದಕ್ಕೆ. ಹಿಂದಿನ ವಾಲ್ವಿನ ವೋಲ್ಟೇಜು ಪಾಟಿಗೆ ಬಾರದಂತೆ ಮೊದಲೇ ಒಂದು ಕಂಡೆನ್ಸರ್ ಇರಬೇಕು.

ಇನ್ವರ್ಟರಿನ ನಂತರ ಜೋಡಿ ಪಾಟ್ ಹಾಕುವ ಕ್ರಮವೂ ಉಂಟು. ನಾದ ಅದರಲ್ಲಿ ಹೆಚ್ಚು ತುಂಬಿಕೊಂಡಿರುತ್ತದೆ ಎಂಬುದು ನನ್ನ ಮತ. ಅಪಾಯವೂ ಅದರಲ್ಲೇ ಹೆಚ್ಚು: ಕೊನೆಯ ವಾಲ್ವುಗಳನ್ನು ಹಿಡಿತದಲ್ಲಿಡುವ ಋಣ ವೋಲ್ಟೇಜು ಆ ಪಾಟಿನ ಮೂಲಕವೇ ಹಾಯುತ್ತದೆ. ಪಾಟು ಸವೆದು ನಡುಕಾಲಿನ ಸಂಪರ್ಕ ತಪ್ಪಿತೋ, ವಾಲ್ವಿನ ಪ್ಲೇಟು ಕೆಂಡದಂತೆ ಕೆಂಪಾಗುವುದು. ಆದುದರಿಂದ ನಡುಕಾಲಿಗೂ ಋಣ ವೋಲ್ಟೇಜಿನ ತುದಿಗೂ ೨.೨ ಮೆಗ್‌ಓಮಿನ ರೆಸಿಸ್ಟರ್ ಬೆಸೆಯುತ್ತಾರೆ.

ಪ್ಲಗ್ ಕಿತ್ತೊಡನೆ ಸೆಟ್ಟು ಸತ್ತಿತೆಂದು ತಿಳಿಯಬಾರದು. ದೊಡ್ಡ ಕಂಡೆನ್ಸರುಗಳಲ್ಲಿ ೪೦೦ ವೋಲ್ಟಿನಷ್ಟು ಉಳಿದಿರಬಹುದು. ಜೀವ ತೆಗೆಯಲು ಅದು ಸಾಕು. ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಲ್ಲಿ ನೋಡಿಯೇ ಕೈಹಾಕಬೇಕು. ಬಲ್ಲವರೊಬ್ಬರು ಪಕ್ಕದಲ್ಲಿಲ್ಲದೆ ಯಾವ ಸಹಪಾಠಿಯೂ ಮುಚ್ಚಳ ತೆಗೆಯದಿರಲಿ.

ಪಾಟಿಗಾಗಿ ಮುಂಭಾಗಕ್ಕೆ ಹೊಸ ತೂತು ಕೊರೆಯುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಹಿಂಬದಿಯಲ್ಲಿ ಗ್ರಾಮಫೋನ್ ಜೋಡಿಸಲೆಂದು ಬಿಟ್ಟ ತೂತು ಖಾಲಿಯಿತ್ತು, ಪಾಟು ಅಲ್ಲೇ ಕುಳಿತಿದೆ. ಬೇಡವೆಂದ ದಿನ ಮೂರು ಬೆಸುಗೆ ಬಿಡಿಸಿ, ಕತ್ತರಿಸಿದ ತಂತಿ ಕೂಡಿಸಿ, ಸೆಟ್ಟನ್ನು ಇದ್ದಂತೆಯೇ ಮಾವನಿಗೆ ಒಪ್ಪಿಸಬಹುದು.