ಎರಡು ನಿಮಿಷಕ್ಕೊಂದು ಬ್ಯಾಚ್

ರಾತ್ರಿ ಎಂಟರ ಹೊತ್ತಿಗೆ ಗ್ರಾಹಕ ಸೇವೆಯವರಿಂದ ಫೋನ್ ಬಂತು. "ಪಾರ್ಸೆಲ್ ಕೈಗೆ ಬಂದು ಅರ್ಧ ಗಂಟೆ ಆಯ್ತಂತೆ. ನಮ್ಮ ಆ್ಯಪ್ ನೋಡಿದ್ರೆ ಇನ್ನೂ ಹುಬ್ಬಳ್ಳಿ ಗೋದಾಮಿನಲ್ಲೇ ಇದೆ ಅಂತಿದೆ. ಇಂಥ ಕರೆ ಒಂದರ ಹಿಂದೆ ಒಂದು ಬರ್ತಾ ಇವೆ." ಲ್ಯಾಪ್‌ಟಾಪ್ ತೆರೆಯುವ ಮೊದಲೇ ಕಾರಣ ನನಗೆ ಹೊಳೆದಿತ್ತು. ಆರು ದಿನಗಳಿಂದ ಡೇಟಾಬೇಸಿನಲ್ಲಿ ಓಡುತ್ತಿದ್ದ ಬ್ಯಾಚ್ ಕೆಲಸ ನಾನೇ ಬರೆದದ್ದು.

ನಮ್ಮದು ಸರಕು ಸಾಗಣೆಯ ತಂತ್ರಾಂಶ. ಪಾರ್ಸೆಲ್ಲನ್ನು ಎಲ್ಲೇ ಸ್ಕ್ಯಾನ್ ಮಾಡಿದರೂ ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್‌ಗೆ ಒಂದು ಸಾಲು ಸೇರುತ್ತದೆ. ದಿನಕ್ಕೆ ಸುಮಾರು 40 ಲಕ್ಷ ಸಾಲು. ಟೇಬಲ್ ಶುರು ಮಾಡಿದವರು ಐಡಿ ಕಾಲಮ್ಮಿಗೆ ಸಾಮಾನ್ಯ ಇಂಟಿಜರ್ ಕೊಟ್ಟಿದ್ದರು. 32 ಬಿಟ್‌ನ ಆ ಇಂಟಿಜರ್ 2,147,483,647ಕ್ಕೆ, ಅಂದರೆ ಹತ್ತಿರಹತ್ತಿರ 214 ಕೋಟಿ 75 ಲಕ್ಷಕ್ಕೆ ಮುಗಿಯುತ್ತದೆ. 2014ರಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆಯ ಎಣಿಕೆಗಾಗಿ ಯೂಟ್ಯೂಬ್ 64 ಬಿಟ್‌ಗೆ ಹೋಗಬೇಕಾಗಿ ಬಂದದ್ದು ಇದೇ ಮಿತಿಯಿಂದ. ನಾವು ಎಚ್ಚೆತ್ತಾಗ ನಮ್ಮ ಐಡಿ 180 ಕೋಟಿ ತಲುಪಿತ್ತು. ಉಳಿದಿದ್ದು ಮೂರು ತಿಂಗಳಿಗೂ ಕಡಿಮೆ. ಆ ಮಿತಿ ಮುಟ್ಟಿದ ಮೇಲೆ ಒಂದೇ ಒಂದು ಹೊಸ ಸ್ಕ್ಯಾನ್ ಕೂಡ ದಾಖಲಾಗುವುದಿಲ್ಲ.

ಕಾಲಮ್ಮಿನ ಬಗೆಯನ್ನು ಒಂದೇ ಆಜ್ಞೆಯಲ್ಲಿ 64 ಬಿಟ್‌ನ ಬಿಗ್‌ಇಂಟ್‌ಗೆ ಬದಲಿಸಬಹುದು. ಆದರೆ ಆಗ ಪೋಸ್ಟ್‌ಗ್ರೆಸ್ ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುತ್ತದೆ, ಅಷ್ಟು ಹೊತ್ತೂ ಟೇಬಲ್ಲಿಗೆ ಬೀಗ. ಓದುವವರಿಗೂ ಪ್ರವೇಶವಿಲ್ಲ. ಹಾಗಾಗಿ ಎಲ್ಲರೂ ಹಿಡಿಯುವ ದಾರಿಯನ್ನೇ ಹಿಡಿದೆವು. ಪಕ್ಕದಲ್ಲಿ ಖಾಲಿ ಬಿಗ್‌ಇಂಟ್ ಕಾಲಮ್ ಸೇರಿಸಿದೆವು, ಹೊಸ ಸಾಲುಗಳಲ್ಲಿ ಅದು ತಾನಾಗಿ ತುಂಬುವಂತೆ ಟ್ರಿಗರ್ ಇಟ್ಟೆವು. ಹಳೆಯ 180 ಕೋಟಿ ಸಾಲುಗಳನ್ನು ತುಂಡುತುಂಡಾಗಿ ತುಂಬಿಸಿ, ಕೊನೆಗೆ ಎರಡು ಕಾಲಮ್ಮುಗಳ ಹೆಸರು ಅದಲುಬದಲು ಮಾಡುವುದು ಯೋಜನೆ.

ತುಂಡು ಎಷ್ಟು ದೊಡ್ಡದಿರಬೇಕು, ಎಷ್ಟು ಹೊತ್ತಿಗೊಂದು ಓಡಬೇಕು? ಈ ಲೆಕ್ಕವನ್ನು ಕಾಗದದ ಮೇಲೆ ಮಾಡಲೇಬೇಕು. ಎರಡು ನಿಮಿಷಕ್ಕೊಂದು ಬ್ಯಾಚ್, ಬ್ಯಾಚಿಗೆ 10,000 ಸಾಲು ಅಂದರೆ ಒಟ್ಟು 250 ದಿನ. ಬ್ಯಾಚಿಗೆ 50,000 ಸಾಲಾದರೆ 36,000 ಬ್ಯಾಚು, 50 ದಿನ. ರಾತ್ರಿ ಆರು ಗಂಟೆ ಮಾತ್ರ ಓಡಿಸೋಣ ಅಂತ ನಮ್ಮ ಮ್ಯಾನೇಜರ್ ಹೇಳಿದರು. ಆಗ ಆ 50 ದಿನ 200 ದಿನವಾಗುತ್ತದೆ. ಅದೂ ಅಲ್ಲದೆ ಬ್ಯಾಕಪ್ಪು, ದಿನದ ವರದಿಗಳೆಲ್ಲ ನಡೆಯುವುದು ರಾತ್ರಿಯೇ. 50,000 ಅಂತ ತೀರ್ಮಾನವಾಯಿತು.

ಲೆಕ್ಕ ಸರಿಯಾಗಿತ್ತು, ಅದನ್ನು ಓಡಿಸಿದ ಬಗೆಯಲ್ಲಿ ನಾನು ಎಡವಿದೆ. 36,000 ಜಾಬ್‌ಗಳನ್ನೂ ಮೊದಲೇ ಕ್ಯೂಗೆ ಹಾಕಿ, ಒಂದೊಂದಕ್ಕೂ ಎರಡು ನಿಮಿಷದ ಅಂತರದಲ್ಲಿ ಹೊತ್ತು ಗೊತ್ತು ಮಾಡಿಬಿಟ್ಟೆ. ಪ್ರತಿ ಬ್ಯಾಚೂ ಎರಡು ನಿಮಿಷದೊಳಗೆ ಮುಗಿಯುತ್ತದೆ ಎಂಬುದು ನನ್ನ ಊಹೆ. ಆ ಸಂಜೆ ಡೆಲಿವರಿಯ ಒತ್ತಡ ಹೆಚ್ಚಿತ್ತು. ಒಂದು ಬ್ಯಾಚ್ ಮೂರು ನಿಮಿಷ ಹಿಡಿಯಿತು, ಅದು ಮುಗಿಯುವ ಮೊದಲೇ ಮುಂದಿನದು ಶುರುವಾಯಿತು. ಒಂದರ ಮೇಲೊಂದು ನಾಲ್ಕು ಬ್ಯಾಚುಗಳು ಸೇರಿಕೊಂಡವು. ಆ್ಯಪ್‌ಗೆ ಮಾಹಿತಿ ಕೊಡುವ ರೆಪ್ಲಿಕಾ ಇಷ್ಟೊಂದು ಬದಲಾವಣೆಗಳನ್ನು ಅರಗಿಸಿಕೊಳ್ಳಲಾಗದೆ 40 ನಿಮಿಷ ಹಿಂದೆ ಬಿತ್ತು. ಅದಕ್ಕೇ ಮನೆ ಸೇರಿದ ಪಾರ್ಸೆಲ್ಲು ಹುಬ್ಬಳ್ಳಿಯಲ್ಲೇ ಕಾಣುತ್ತಿತ್ತು.

ನಮ್ಮ ತಂಡದ ಹಿರಿಯ ಡಿಬಿಎ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಇದನ್ನ ಈಗ ನಿಲ್ಲಿಸೋದು ಹೇಗೆ?"

ನನ್ನ ಬಳಿ ಉತ್ತರವಿರಲಿಲ್ಲ. ನಿಲ್ಲಿಸಲಿಕ್ಕೆ ಕ್ಯೂವನ್ನೇ ಅಳಿಸಬೇಕಾಯಿತು. ಅಳಿಸಿದ ಮೇಲೆ ಯಾವ ಬ್ಯಾಚ್ ಮುಗಿದಿದೆ, ಯಾವುದು ವಿಫಲವಾಗಿದೆ ಎಂಬುದಕ್ಕೆ ದಾಖಲೆಯೇ ಇಲ್ಲ. ಆ ರಾತ್ರಿಯಿಂದೀಚೆಗೆ ಹಿನ್ನೆಲೆ ಕೆಲಸದ ಯಾವ ವಿನ್ಯಾಸ ನನ್ನ ಮುಂದೆ ಬಂದರೂ ನಾನು ಮೊದಲು ಕೇಳುವುದು ಅವರ ಪ್ರಶ್ನೆಯನ್ನೇ.

ಎಂಟು ದಿನ ಕೂತು ಮತ್ತೆ ಬರೆದೆವು. ಈ ಸಲ ಕ್ಯೂನಲ್ಲಿ ಮುಂಗಡವಾಗಿ ಏನೂ ಇಲ್ಲ. ಕೆಲಸದ ಸ್ಥಿತಿಗೆಂದೇ ಡೇಟಾಬೇಸಿನಲ್ಲಿ ಒಂದು ಪುಟ್ಟ ಟೇಬಲ್: ಕೊನೆಗೆ ಮುಗಿದ ಐಡಿ, ಬ್ಯಾಚಿನ ಗಾತ್ರ, ಹಿಡಿದ ಸಮಯ, ಓಡುತ್ತಿದೆಯೋ ನಿಂತಿದೆಯೋ ಎಂಬ ಒಂದು ಕಾಲಮ್. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಆ ಟೇಬಲ್ ನೋಡುತ್ತದೆ. ಹಿಂದಿನ ಬ್ಯಾಚ್ ಮುಗಿದಿದ್ದು, ಅದು ಶುರುವಾಗಿ ಎರಡು ನಿಮಿಷ ಕಳೆದಿದ್ದು, ರೆಪ್ಲಿಕಾ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಂದೆ ಬಿದ್ದಿಲ್ಲದಿದ್ದರೆ ಮಾತ್ರ ಮುಂದಿನ ಒಂದು ಬ್ಯಾಚ್. ಇಲ್ಲದಿದ್ದರೆ ಸುಮ್ಮನೆ ಮಲಗುತ್ತದೆ. ಬ್ಯಾಚ್ ಬೇಗ ಮುಗಿದರೆ ಮುಂದಿನದನ್ನು ಕೊಂಚ ಹಿಗ್ಗಿಸುತ್ತದೆ, ತಡವಾದರೆ ಕುಗ್ಗಿಸುತ್ತದೆ. ಗಿಟ್‌ಲ್ಯಾಬ್‌ನವರು ತಮ್ಮ ಬಳಕೆಗೆ ಇಂಥದ್ದೇ ವ್ಯವಸ್ಥೆ ಕಟ್ಟಿಕೊಂಡಿದ್ದಾರೆ, ಅದರ ವಿವರ ಎಲ್ಲರಿಗೂ ಓದಲು ಸಿಗುತ್ತದೆ. ನಾನು ಮೊದಲೇ ಓದಬೇಕಿತ್ತು.

ಇನ್ನೊಂದು ವಿಷಯ ನಮ್ಮನ್ನು ತಡವಾಗಿ ಕಾಡಿತು. ಪೋಸ್ಟ್‌ಗ್ರೆಸ್‌ನಲ್ಲಿ ಸಾಲೊಂದನ್ನು ತಿದ್ದಿದರೆ ಹಳೆಯದು ಅಲ್ಲೇ ಉಳಿದು, ಹೊಸ ಪ್ರತಿ ಬೇರೆಡೆ ಕೂರುತ್ತದೆ. ಆ ಹಳೆಯ ಕಸವನ್ನು ಗುಡಿಸುವುದು ಆಟೋವ್ಯಾಕ್ಯೂಮ್. ಆದರೆ ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ ಅದು ಏಳುವುದು ಟೇಬಲ್ಲಿನ ನೂರಕ್ಕೆ 20ರಷ್ಟು ಸಾಲುಗಳು ಸತ್ತ ಮೇಲೆ. 180 ಕೋಟಿಗೆ ಅದು 36 ಕೋಟಿ! ಡಿಸ್ಕ್ ಏರುತ್ತಿರುವುದು ಕಂಡು, ಆ ಒಂದು ಟೇಬಲ್ಲಿಗೆ ಮಾತ್ರ ಮಿತಿಯನ್ನು ನೂರಕ್ಕೆ ಒಂದಕ್ಕೆ ಇಳಿಸಿದೆವು. ಮೊದಲ ದಿನವೇ ಮಾಡಬೇಕಿದ್ದ ಕೆಲಸ ಅದು.

ನಡುವೆ ದಸರಾ ಬಂತು. ಹಬ್ಬದ ಮಾರಾಟದ ನಾಲ್ಕು ದಿನ ಕೆಲಸವನ್ನು ಪೂರ್ತಿ ನಿಲ್ಲಿಸಿದೆವು. ಆ ಪುಟ್ಟ ಟೇಬಲ್ಲಿನಲ್ಲಿ ಒಂದು ಪದ ಬದಲಿಸಿದರೆ ಸಾಕಿತ್ತು. ಐದನೆಯ ದಿನ ನಿಂತ ಐಡಿಯಿಂದಲೇ ಮತ್ತೆ ಹೊರಟಿತು. ಆಗ ಪಟ್ಟ ನೆಮ್ಮದಿಯನ್ನು ಈ ಕೆಲಸ ಮಾಡಿದವರಷ್ಟೇ ಬಲ್ಲರು.

ಎರಡನೆಯ ಸುತ್ತು 61 ದಿನ ಹಿಡಿಯಿತು. ಕಾಲಮ್ ಅದಲುಬದಲಾದದ್ದು ಕ್ಷಣದಲ್ಲಿ, ಆದರೆ ಅದಕ್ಕೆ ಬೇಕಾದ ಲಾಕ್ ಸಿಕ್ಕಿದ್ದು ಐದನೆಯ ಯತ್ನದಲ್ಲಿ. ಯಾವುದೋ ವರದಿಯ ದೀರ್ಘ ಕ್ವೆರಿ ಓಡುತ್ತಿದ್ದರೆ ನಮ್ಮ ಆಜ್ಞೆ ಅದಕ್ಕಾಗಿ ಕಾಯುತ್ತದೆ, ನಮ್ಮ ಹಿಂದೆ ಬಂದ ಎಲ್ಲ ಕ್ವೆರಿಗಳೂ ನಮಗಾಗಿ ಕಾಯುತ್ತವೆ. ಹಾಗಾಗಿ ಮೂರು ಸೆಕೆಂಡಿನ ಲಾಕ್ ಟೈಮ್‌ಔಟ್ ಇಟ್ಟು, ಸಿಗದಿದ್ದರೆ ಹಿಂದೆ ಸರಿದು ಮತ್ತೆ ಪ್ರಯತ್ನಿಸಿದೆವು. ಹೊಸ ಐಡಿಗಳನ್ನು ಕೊಡುವ ಸೀಕ್ವೆನ್ಸ್ ಕೂಡ ಇಂಟಿಜರ್ ಆಗಿಯೇ ಇತ್ತು, ಅದನ್ನೂ ಬದಲಿಸಿದೆವು. ಮರೆತಿದ್ದರೆ ಕಾಲಮ್ ಹಿಗ್ಗಿಯೂ ಐಡಿ ಅದೇ ಮಿತಿಯಲ್ಲಿ ನಿಲ್ಲುತ್ತಿತ್ತು. ಆ ದಿನ ನಮ್ಮ ಐಡಿ 210 ಕೋಟಿಯ ಆಸುಪಾಸಿನಲ್ಲಿತ್ತು. ಮಿಕ್ಕಿದ್ದು ಹನ್ನೆರಡು ದಿನಕ್ಕೂ ಸಾಲದಷ್ಟು ಸಂಖ್ಯೆ.

ಇದನ್ನು ಓದುತ್ತಿರುವ ನೀವೂ ಹಳೆಯ ಡೇಟಾಬೇಸೊಂದನ್ನು ನೋಡಿಕೊಳ್ಳುವವರಾದರೆ, ನಾಳೆ ಕಚೇರಿಗೆ ಹೋದಕೂಡಲೇ ನಿಮ್ಮ ಅತಿ ದೊಡ್ಡ ಟೇಬಲ್ಲಿನ ಐಡಿ ಎಲ್ಲಿಗೆ ಬಂದಿದೆ ನೋಡಿ. ಅದು ಇಂಟಿಜರ್ ಆಗಿದ್ದು 100 ಕೋಟಿ ದಾಟಿದ್ದರೆ, ಕೆಲಸವನ್ನು ಈ ವಾರವೇ ಶುರು ಮಾಡಿ.